ಎರಡು ಮನೆ ಕೆಳಗೆ

ಅಂಟು ಕಾಯುವ ವಾಸನೆ ಒಳ್ಳೆಯದಲ್ಲ. ಹಸಿ ಚರ್ಮ ಸುಟ್ಟ ಹಾಗಿರುತ್ತದೆ. ಹೋದ ವಾರ ನ್ಯಾಮತಿಯಲ್ಲಿ, ರತ್ನಮ್ಮನವರ ಹಾರ್ಮೋನಿಯಂ ರಿಪೇರಿ ಅಂಗಡಿಯಲ್ಲಿ ಆ ವಾಸನೆ ಮೂಗಿಗೆ ಬಡಿದದ್ದೇ ಹದಿನೈದು ವರ್ಷದ ಹಿಂದಿನದೆಲ್ಲ ಕಣ್ಣ ಮುಂದೆ ಬಂತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ, ಮೂಗು ಮುಚ್ಚಿಕೊಂಡೆ. ನೆನಪು ಬಂದದ್ದು ಆಮೇಲೆ, ಬೈಸಿಕೊಂಡ ಮೇಲೆ.

ನಾನು ಒಯ್ದಿದ್ದು ಹನ್ನೆರಡು ತಂತಿಯ ಗಿಟಾರು. ಎಪ್ಪತ್ತಮೂರನೇ ಇಸವಿಯೋ ನಾಲ್ಕೋ, ದಾವಣಗೆರೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು. ಪ್ಲೈವುಡ್ಡಿನದು. ಆರು ತಂತಿಯದನ್ನೇ ಬಾರಿಸಲು ಬಾರದವನಿಗೆ ಹನ್ನೆರಡು ಯಾಕೆ ಎಂದು ನೀವು ಕೇಳಬಹುದು. ಎರಡು ಪಟ್ಟು ಸಂಗೀತ ಬರುತ್ತದೆ ಅಂದುಕೊಂಡಿದ್ದೆ. ತಿಂಗಳೊಳಗೆ ತಂತಿಗಳನ್ನು ಹಿಡಿದಿಡುವ ಮರದ ಪಟ್ಟಿ, ನಾವು ಕುದುರೆ ಅನ್ನುವುದು, ಎದ್ದು ಬಂತು.

ನಮ್ಮೂರು ಹೊನ್ನಾಳಿಯಲ್ಲಿ ಆಗ ವಾದ್ಯ ರಿಪೇರಿಗೆ ನನಗೆ ಗೊತ್ತಿದ್ದವರು ರುದ್ರಪ್ಪನವರೊಬ್ಬರೇ, ಈ ರತ್ನಮ್ಮನ ತಂದೆ. ಭಜನೆಯವರ, ನಾಟಕದವರ ಹಾರ್ಮೋನಿಯಂಗಳೆಲ್ಲ ಅವರ ಕೈಯಲ್ಲೇ. ಗಿಟಾರು ಅವರಿಗೆ ಹೊಸದು. ಆದರೂ ಕುದುರೆ ಅಂಟಿಸಿ, ತಾವೇ ಮನೆಗೆ ತಂದರು. ನಾನಿರಲಿಲ್ಲ. ಅವ್ವನಿಗೆ ಹೇಳಿ ಹೋದರು.

"ಎರಡು ಮನೆ ಕೆಳಗೆ ಇಳಿಸಿ ಬಾರಿಸ್ಬೇಕಂತೆ ನೋಡಪ್ಪ, ಇಲ್ಲಾಂದ್ರೆ ಮುರೀತೈತಂತೆ," ಅಂದಳು ಅವ್ವ. "ನಂಗೂ ಸರಿ ಅನ್ನಿಸ್ತು. ಶಾಂತಕ್ಕಗೆ ಹೆಂಗೂ ಕಿವಿ ಕೇಳ್ಸಲ್ಲ."

ನಮ್ಮ ಬೀದಿ ಹೊಳೆಯ ಕಡೆಗೆ ಇಳಿಜಾರು. ನಮ್ಮಿಂದ ಎರಡು ಮನೆ ಕೆಳಗೆ ಶಾಂತಕ್ಕನದು. ಮುರಿಯುವುದು ಗಿಟಾರೋ ನನ್ನ ಕಾಲೋ ಎಂದು ನಾನು ಕೇಳಲಿಲ್ಲ. ಸಿಟ್ಟಿನಿಂದ ತಂತಿಗಳನ್ನು ಇನ್ನೂ ಬಿಗಿಯಾಗಿ ಕಟ್ಟಿ, ಆಕೆಯ ಜಗಲಿಯ ಮೇಲೆ ಕೂತು ಬಾರಿಸಿದೆ. ಮೂರನೇ ದಿನವೋ ಮೂರನೇ ವಾರವೋ, ಕತೆ ಹೇಳುವಾಗ ಮೂರನೇ ದಿನ ಅನ್ನುತ್ತಿದ್ದೆ, ಕುದುರೆ ಟಪ್ಪೆಂದು ಕಿತ್ತು ಬಂತು.

"ರುದ್ರಪ್ಪನ ಅಂಟಿಗಿಂತ ಹಿಟ್ಟಿನ ಗಂಜಿ ವಾಸಿ" ಎಂದು ಹೋಟೆಲಿನಲ್ಲಿ ಹೇಳಿದೆ. ಜನ ನಕ್ಕರು. ನಕ್ಕರೆಂದು ಸವಳಂಗದಲ್ಲೂ ಹೇಳಿದೆ. ನಾಟಕದವರು ತಮ್ಮ ಹಾರ್ಮೋನಿಯಂ ಪೆಟ್ಟಿಗೆಯನ್ನು ಶಿವಮೊಗ್ಗಕ್ಕೆ ಒಯ್ಯತೊಡಗಿದರು. ವರ್ಷದೊಳಗೆ ರುದ್ರಪ್ಪನವರು ಅಂಗಡಿ ಮುಚ್ಚಿ ನ್ಯಾಮತಿಗೆ ಹೋದರು. ನನ್ನಿಂದಲೇ ಎನ್ನುವಷ್ಟು ದೊಡ್ಡವನಲ್ಲ ನಾನು. ಅಲ್ಲವೆನ್ನುವ ಧೈರ್ಯವೂ ಇಲ್ಲ.

ಅಂದಿನಿಂದ ಹಾಗೇ ಬಿದ್ದಿದ್ದ ಆ ಕುದುರೆಯನ್ನು ಹೋದ ವಾರ ರತ್ನಮ್ಮ ತಿರುಗಿಸಿ ಬೆಳಕಿಗೆ ಹಿಡಿದರು. ಅದರ ತಳಕ್ಕೆ ಗಿಟಾರಿನ ಮೇಲ್ಹಲಗೆಯ ಸಿಬಿರು ಉದ್ದಕ್ಕೂ ಕಚ್ಚಿಕೊಂಡಿತ್ತು.

"ಅಪ್ಪನ ಅಂಟು ಬಿಟ್ಟಿಲ್ಲ. ಹಲಗೆನೇ ಕಿತ್ತೈತೆ. ಎರಡು ಮನೆ ಇಳಿಸಾಕೆ ಹೇಳಿರ್ಲಿಲ್ವೇನ್ರಿ?"

"ಹೇಳಿದ್ದರು," ಎಂದು ಶಾಂತಕ್ಕನ ಜಗಲಿಯ ಸಂಗತಿ ಹೇಳಿದೆ. ಆಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದ ಹಾರ್ಮೋನಿಯಂ ಎಳೆದು ಒಂದು ಬಿಳಿ ಪಟ್ಟಿಯನ್ನು ಒತ್ತಿದರು. "ನಾವು ಮನೆ ಅನ್ನೋದು ಇದಕ್ಕೆ ಕಣ್ರೀ. ಇಲ್ಲಿಂದ ಕೆಳಕ್ಕೆ ಒಂದು, ಎರಡು. ತಂತಿ ಸಡಿಲ ಮಾಡಿ ಶ್ರುತಿ ಇಳಿಸ್ರಿ ಅಂದಿದ್ದು." ಆಮೇಲೆ ನಗು ನಿಂತಿತು. "ಹಂಗಾದ್ರೆ ಆ ಗಂಜಿ ಮಾತು ನಿಮ್ದೇನಾ? ಅಪ್ಪ ಮೂರು ದಿನ ಅಂಟಿನ ಡಬ್ಬಿ ಮುಂದಿಟ್ಕೊಂಡು ಕೂತಿದ್ರು. ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ."

ರುದ್ರಪ್ಪನವರು ತೀರಿಕೊಂಡು ನಾಲ್ಕು ವರ್ಷವಾಗಿದೆಯಂತೆ. "ತಪ್ಪಾಯ್ತಮ್ಮ," ಅಂದೆ. "ನಂಗೆ ಹೇಳಿ ಏನ್ ಬಂತು? ಅವತ್ತು ನಕ್ಕೋರಿಗೆ ಹೇಳ್ರಿ," ಅಂದರು.

ಗಿಟಾರು ನಿನ್ನೆ ರಿಪೇರಿಯಾಗಿ ಸಿಕ್ಕಿತು. ಹಲಗೆಗೆ ಒಳಗಿನಿಂದ ತೇಗದ ತುಂಡು ಕೂತಿದೆ. ಹನ್ನೆರಡು ತಂತಿಯೂ ಎರಡು ಮನೆ ಕೆಳಗೆ. ದನಿ ದಪ್ಪಗಿದೆ, ಅವಸರವಿಲ್ಲ. ಅದನ್ನು ಹೆಗಲಿಗೆ ಹಾಕಿಕೊಂಡೇ ಹೊನ್ನಾಳಿಯ ಆ ಹೋಟೆಲಿಗೆ ಹೋದೆ. ಅಂದು ನಕ್ಕವರಲ್ಲಿ ಇಬ್ಬರು ಇದ್ದರು. "ರುದ್ರಪ್ಪನವರ ಅಂಟು ಬಿಟ್ಟಿರಲಿಲ್ಲ," ಎಂದೆ.

"ಯಾವ ರುದ್ರಪ್ಪ?" ಅಂದರು.

ಕೂತು, ಮೊದಲಿನಿಂದ ಶುರು ಮಾಡಿದೆ.