ಕಾಲ ಮೇಲೆ ಮಗಳು

ನನ್ನ ಕೈಗಳ ಮೇಲೆ ನನಗೇ ನಂಬಿಕೆ ಹೋದದ್ದು ಮಗಳು ಹುಟ್ಟಿದ ಮೇಲೆ. ಅಕ್ಕಿಆಲೂರಿನ ರೈಸ್ ಮಿಲ್ಲಿನಲ್ಲಿ ದಿನವಿಡೀ ಭತ್ತದ ಚೀಲ ಎತ್ತಿ ಇಳಿಸುವ ಕೈ ಇವು. ಹೆಂಡತಿ ಬಾಣಂತನಕ್ಕೆ ಹತ್ತಿಮತ್ತೂರಿನ ತವರಿನಲ್ಲಿದ್ದಳು. ಮೊದಲ ಸಲ ಕೂಸನ್ನು ನೋಡಲು ಹೋದಾಗ, ಅದು ನನ್ನ ಕೈಯಿಂದ ನೆಲಕ್ಕೆ ಬಿದ್ದಂತೆ ಕಣ್ಣಿಗೆ ಕಟ್ಟಿತು. ಬೀಳುವುದಿರಲಿ, ನಾನೇ ಎಸೆದುಬಿಟ್ಟರೆ? ಥೂ, ಎಂಥ ಅಪ್ಪ ನಾನು! ಅದೇ ಚಿತ್ರ ಬಸ್ಸಿನಲ್ಲೂ ಬಂತು, ಊಟಕ್ಕೆ ಕೂತಾಗಲೂ ಬಂತು.

ಅವತ್ತಿನಿಂದ ನೆಪಗಳು ಶುರುವಾದವು. ಮಿಲ್ಲಿನಲ್ಲಿ ಕೆಲಸ, ನೆಗಡಿ, ಬಸ್ಸು ತಪ್ಪಿತು. ಹೋದರೂ ಬಾಗಿಲ ಹತ್ತಿರವೇ ಕೂತು ಎದ್ದು ಬರುತ್ತಿದ್ದೆ. ಹೆಣ್ಣು ಹುಟ್ಟಿತೆಂದು ಅಳಿಯನಿಗೆ ಮುನಿಸು ಎಂದು ಆ ಮನೆಯವರು ತಿಳಿದರು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ನಿಜ ಹೇಳಿದರೆ ಕೂಸನ್ನು ನನ್ನ ಹತ್ತಿರ ಬಿಡುತ್ತಾರೆಯೇ?

ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಅಲ್ಲಿಗೆ ಹೋದಾಗ ಹೆಂಡತಿ ನೇರವಾಗಿ ಕೇಳಿಯೇಬಿಟ್ಟಳು.

"ಹೆಣ್ಣು ಬ್ಯಾಡಾಗಿದ್ರ ಬಾಯಿಬಿಟ್ಟು ಹೇಳ್ರಿ. ನಾನು, ನನ್ನ ಮಗಳು ಇಲ್ಲೇ ಇರ್ತೇವಿ."

ಕೂತಲ್ಲಿಂದ ಎದ್ದುಬಿಟ್ಟೆ. "ಹಂಗಲ್ಲ! ಎತ್ಕೊಂಡ್ರ ನಾನ ಅದಕ್ಕ ಏನರ ಮಾಡಿಬಿಡ್ತೇನಿ ಅಂತ ಅಂಜಿಕಿ."

ಹಿಂದೆ ಅತ್ತೆ ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಕೂಸಿಗೆ ಎರೆಯಲು ನೀರು ಕಾದಿತ್ತು. ಇನ್ನು ಮುಗಿಯಿತು ಅಂದುಕೊಂಡೆ.

"ಬರ್ರಿ ಅಳಿಯಾರ. ಪ್ಯಾಂಟ್ ಮಡಚ್ರಿ, ಬಚ್ಚಲದಾಗ ಕಾಲು ಚಾಚಿ ಕುಂದರ್ರಿ."

ಕೂಸಿಗೆ ಎರೆಯುವುದು ಹೆಂಗಸರ ಕೆಲಸ. ಗಂಡಸರು ಆ ಹೊತ್ತಿಗೆ ಬಚ್ಚಲ ಕಡೆ ಸುಳಿಯುವುದೂ ಇಲ್ಲ. "ಬ್ಯಾಡ್ರಿ ಅತ್ತಿ!" ಅಂದೆ.

"ಕೈ ನಂದು. ನಿಮ್ಮ ಕಾಲಷ್ಟ ಸಾಕು."

ಎಣ್ಣೆ ಹಚ್ಚಿದ ಕೂಸನ್ನು ನನ್ನ ಕಾಲ ಮೇಲೆ ಬೋರಲು ಮಲಗಿಸಿದರು. ಹಾಳಾದ ಆ ಚಿತ್ರ ಮತ್ತೆ ಬಂತು. ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂತೆ. ಬಿಸಿನೀರು ಬೀಳುತ್ತಲೇ ಕೂಸು ಕಿರುಚಿತು, ನಾನೂ ಅಳತೊಡಗಿದೆ.

ಹೆಂಡತಿ ಬಚ್ಚಲ ಬಾಗಿಲಲ್ಲಿದ್ದಳು. "ಇಷ್ಟ ದಿನ ಇದನ್ನೆಲ್ಲ ಒಬ್ಬರ ನುಂಗ್ಕೊಂಡಿದ್ರೇನು?" ಅಂದಳು. ಆಮೇಲೆ, "ನಾಳೆ ಈ ಅಂಜಿಕಿ ಸಲುವಾಗಿ ಸವಣೂರಾಗ ಡಾಕ್ಟರ್‌ಗೆ ತೋರ್ಸೂಣ್ರಿ. ನಾನೂ ಬರ್ತೇನಿ."

ಬಾಣಂತಿ ಹೊಸ್ತಿಲು ದಾಟುವುದೆಂದರೆ! ಅತ್ತೆ ತಂಬಿಗೆ ಕೆಳಗಿಟ್ಟರು. "ಹೋಗಿ ಬರ್ರಿ. ಬಸ್ಸಿನ್ಯಾಗ ಕೂಸನ್ನ ಎತ್ಕೊಳ್ಳಾಕ ನಾನೂ ಬರ್ತೇನಿ."

"ಬ್ಯಾಡವ್ವಾ," ಅಂದಳು ಹೆಂಡತಿ, "ಕೂಸಿನಪ್ಪ ಎತ್ಕೊತಾರ. ನಾ ಬಾಜೂಕ ಇರ್ತೇನಲ್ಲ."

ನನ್ನ ಕೈಗಳು ಇನ್ನೂ ತೊಡೆಯ ಕೆಳಗೇ ಇದ್ದವು.