ಕ್ವಾರಿಗೆ ಬಾಯಿ, ಕ್ವೇರಿಗೆ ಹುಬ್ಬು

೮ ಫೆಬ್ರವರಿ ೧೯೫೩, ಭಾನುವಾರ, ಬೆಳಿಗ್ಗೆ ಏಳೂಕಾಲು; ಚಿತ್ತಾಪುರ.

ನಿನ್ನೆ ಸಂಜೆ ದಿನಚರಿಯಲ್ಲಿ, ಅಭ್ಯಾಸಕ್ಕೆಂದು, ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ. ‘ನನಗೆ ಸಾಕಷ್ಟು ಸಂತೋಷವಾಗಿದೆ’ ಎಂದು ಅದರ ಅಭಿಪ್ರಾಯ. ಈಗ ನೋಡಿದರೆ ‘ಸಾಕಷ್ಟು’ ಎನ್ನುವ ‘ಕ್ವೈಟ್’ ಪದದ ಬಾಲದ ಎರಡು ಅಕ್ಷರಗಳು ಸ್ಥಳ ಬದಲಾಯಿಸಿ ‘ಕ್ವಾಯೆಟ್’ ಆಗಿವೆ. ಸಂತೋಷದ ಪಕ್ಕದಲ್ಲಿ ಮೌನ ಬಂದು ಕುಳಿತಿದೆ.

ಈ ಅವಳಿ ಪದಗಳ ಕಾಟ ನನ್ನೊಬ್ಬನದಲ್ಲ, ಓದುಗರೇ. ಸೇಡಮ್ಮಿನ ನಮ್ಮ ಕಚೇರಿಯ ಕಾಗದಪತ್ರವೆಲ್ಲ ಉರ್ದುವಿನಿಂದ ಇಂಗ್ಲಿಷಿಗೆ ಹೊರಳಿದಾಗ ನನಗಿಂತ ಹೆಚ್ಚು ಬಳಲಿದವರು ನನ್ನ ಮೇಲಿನ ಗುಮಾಸ್ತರಾದ ಖಾಸಿಂಸಾಹೇಬರು. ಅವರ ಉರ್ದು ಬರವಣಿಗೆಯನ್ನು ಅಧಿಕಾರಿಗಳು ಮಂಜೂರು ಮಾಡುವ ಮೊದಲು ಮೆಚ್ಚುತ್ತಿದ್ದರಂತೆ. ಅಂಥವರಿಗೆ ಜಿಲ್ಲೆಯಿಂದ ‘ನಮ್ಮ ಕ್ವೇರಿಗೆ ಕೂಡಲೆ ಉತ್ತರಿಸಿ’ ಎಂದು ಕಾಗದ ಬಂತು. ಕ್ವೇರಿ ಎಂದರೆ ಪ್ರಶ್ನೆ. ಆದರೆ ನೆಲಕ್ಕೆ ಹಾಸುವ ಶಹಾಬಾದಿನ ಪರಸಿಕಲ್ಲು ತುಳಿದು ಬೆಳೆದವನಿಗೆ ಕ್ವಾರಿ, ಅಂದರೆ ಕಲ್ಲಿನ ಗಣಿ, ಅಲ್ಲದೆ ಬೇರೇನು ಕಂಡೀತು? ಸಾಹೇಬರು ಶಹಾಬಾದಿಗೇ ಹೋಗಿ, ಗಣಿಯ ಆಳ, ಕಲ್ಲಿನ ಬಣ್ಣ ಎಲ್ಲವನ್ನೂ ವರದಿ ಮಾಡಿದರು. ‘ಕಲ್ಲು ಉತ್ತಮವಾಗಿದೆ, ಉತ್ತರವೆಲ್ಲಿ?’ ಎಂದು ಜಿಲ್ಲೆಯವರು ಮರಳಿ ಕೇಳಿದರು.

“ಸಾಹೇಬ್ರ, ಜವಾಬು ಯಾವ ಪರಸಿ ಕೆಳಗ ಇತ್ತರಿ?” ಎಂದು ಹೆಡ್ ಕ್ಲಾರ್ಕರು ಎಲ್ಲರೆದುರು ಕೆಣಕಿದರು.

ನಗೆ ಅಲ್ಲಿಗೇ ನಿಲ್ಲಲಿಲ್ಲ. ಡಿಸೆಂಬರಿನ ಇಂಗ್ಲಿಷ್ ಪರೀಕ್ಷೆಯಲ್ಲಿ ಸಾಹೇಬರು ಪಾಸಾಗದಿದ್ದರೆ ಅವರು ಮನೆಗೆ, ಅವರ ಕುರ್ಚಿ ನನಗೆ ಎಂದು ತೀರ್ಮಾನವಾಯಿತು. ಮರುದಿನ ಚಿತ್ತಾಪುರದಿಂದ ಸೇಡಮ್ಮಿಗೆ ಹೋಗುವ ರೈಲಿನಲ್ಲಿ ಅವರು ನನ್ನ ಪಕ್ಕ ಕುಳಿತು, “ಶರಣಪ್ಪ, ನೀನೇ ಕಲಸಪಾ,” ಎಂದರು.

“ನಿಮ್ಮ ಕುರ್ಚಿ ನನಗ ಬರ್ತದಂತ ಗೊತ್ತದಲ್ಲರಿ?”

“ಗೊತ್ತದ. ಅದಕ್ಕೇ ನಿನ್ನ ಕೇಳ್ಲಿಕತ್ತೀನಿ. ನೀ ತಪ್ಪು ಕಲಸಿದ್ರ ನಾಳೆ ಆ ಕುರ್ಚ್ಯಾಗ ಕುಂತು ನೀನೇ ತಪ್ಪು ಬರೀತಿ.”

ನಾನು ಒಪ್ಪಿಕೊಂಡೆ. ಅಂದಿನಿಂದ ದಿನವೂ ರೈಲಿನಲ್ಲಿ ಸೇಡಂ ಬರುವವರೆಗೆ ನಮ್ಮ ಪಾಠಶಾಲೆ. ಕ್ವಾರಿ ಎನ್ನುವಾಗ ಗಣಿಯ ಹಾಗೆ ಬಾಯಿ ಅಗಲಿಸಬೇಕು, ಕ್ವೇರಿ ಎನ್ನುವಾಗ ಹುಬ್ಬು ಏರಿಸಬೇಕು ಎಂದು ನಾನು ಹೇಳಿಕೊಟ್ಟೆ. ‘ಲೂಸ್’ನ ಎರಡು ಸೊನ್ನೆಗಳು ಸಡಿಲ ಇಜಾರದ ಎರಡು ಕಾಲು, ಅದರಲ್ಲಿ ಒಂದು ಕಳೆದುಹೋದರೆ ಉಳಿದದ್ದು ಕಳೆದುಕೊಳ್ಳುವ ‘ಲೂಝ್’ ಎಂದು ಸಾಹೇಬರೇ ಕಂಡುಹಿಡಿದರು. ಎರಡು ‘ಸ್ಟೇಷನರಿ’ಗಳು ಮಾತ್ರ ತಿಂಗಳುಗಟ್ಟಲೆ ಸತಾಯಿಸಿದವು. ಕೊನೆಗೊಂದು ದಿನ ಕಿಟಕಿಯ ಗಾಜಿನ ಧೂಳಿನ ಮೇಲೆ ಇಂಗ್ಲಿಷಿನ ದೊಡ್ಡ ‘ಎ’ ಬರೆದು ತೋರಿಸಿದೆ: ಇದಕ್ಕೆ ಎರಡು ಕಾಲು, ಆದ್ದರಿಂದ ‘ಎ’ ಇರುವುದು ನಿಂತಲ್ಲೇ ನಿಲ್ಲುವ ಸ್ಟೇಷನರಿ. ‘ಇ’ ಒಂದು ಬದಿ ಹೊಲಿದ ಮೂರು ಹಾಳೆ, ಆದ್ದರಿಂದ ಅದು ಕಾಗದದ ಸ್ಟೇಷನರಿ. ಎದುರು ಕುಳಿತಿದ್ದ ವಾಡಿಯ ಅಜ್ಜಿ, “ಇಷ್ಟ್ ಕಲ್ತು ಏನ್ ಮಾಡ್ತೀರಿ? ನಿಮ್ಮ ಬಾಯಾಗ ಮೊದ್ಲೇ ನಾಲ್ಕ್ ಭಾಷಾ ಅವ,” ಎಂದಳು.

ಅಜ್ಜಿಯ ಮಾತೇ ನನಗೆ ನಮ್ಮ ಸೀಮೆಯ ಹೆಮ್ಮೆಯಾಗಿ ಕಂಡಿತು. ಒಂದೇ ಎತ್ತು ಇದ್ದವನಿಗೆ ಎಡಗಡೆಯದು ಯಾವುದು, ಬಲಗಡೆಯದು ಯಾವುದು ಎಂಬ ಗೊಂದಲವಿರುವುದಿಲ್ಲ. ನಮ್ಮ ಕೊಟ್ಟಿಗೆ ತುಂಬಿದೆ. ಅದಕ್ಕೇ ಹಗ್ಗ ಸಿಕ್ಕುಬೀಳುತ್ತದೆ. ಕಲ್ಲಿಗೂ ಕಳ್ಳಿಗೂ ಎಂದೂ ತಪ್ಪದ ನಾಲಿಗೆ ಇಂಗ್ಲಿಷಿಗೆ ಏಕೆ ಅಂಜಬೇಕು?

ನಿನ್ನೆ ಫಲಿತಾಂಶ ಬಂತು. ಸಾಹೇಬರು ಪಾಸು. ಹೆಡ್ ಕ್ಲಾರ್ಕರೇ ಎದ್ದು ಬಂದು ಕೈ ಕುಲುಕಿದರು. ಸಾಹೇಬರು ತಮ್ಮ ಕುರ್ಚಿಯ ತೋಳನ್ನು ತಟ್ಟಿ ನನ್ನತ್ತ ತಿರುಗಿದರು. “ಶರಣಪ್ಪ, ಇದು ಸ್ಟೇಷನರಿ ಅದಪಾ. ಕಾಲಿದ್ದದ್ದು.”

ಕಚೇರಿಯೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ಮನೆಗೆ ಬಂದು ಆ ಸಾಲು ಬರೆದೆ.

ಈಗ ತಿದ್ದಲೆಂದು ಲೇಖನಿ ಎತ್ತಿದವನು ಕೆಳಗಿಟ್ಟಿದ್ದೇನೆ. ಕುರ್ಚಿ ಸಿಗದವನ, ಆದರೆ ಗುರುವಾದವನ ಸಂತೋಷದ ಪಕ್ಕದಲ್ಲಿ ಆ ಮೌನ ಹಾಗೆಯೇ ಕುಳಿತಿರಲಿ. ಆದರೂ ಕ್ವೈಟ್ ಮತ್ತು ಕ್ವಾಯೆಟ್‌ಗಳನ್ನು ಬೇರ್ಪಡಿಸುವ ಗುರುತು ನಮ್ಮಿಬ್ಬರಿಗೂ ಇನ್ನೂ ಹೊಳೆದಿಲ್ಲ. ಬಲ್ಲವರು ಯಾರಾದರೂ ಇದ್ದರೆ ಒಂದು ಕಾರ್ಡು ಬರೆಯಿರಿ. ಸೋಮವಾರದ ರೈಲಿನಲ್ಲಿ ಸಾಹೇಬರು ಕೇಳಿಯೇ ಕೇಳುತ್ತಾರೆ.