ಬ್ರೀಡಾಳಿಗೆ ಕೊಟ್ಟ ಅಳು

ಶೋಭಾರಾಣಿಗೆ ಒಬ್ಬ ಸವತಿಯಿದ್ದಳು. ಅವಳು ಐರ್ಲೆಂಡಿನ ನಟಿ. ಕೋಲಾರದಲ್ಲಿ ಶೋಭಾರಾಣಿ ಎಂಬೊಬ್ಬಳು ಇದ್ದಾಳೆಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅವಳ ಹೆಸರು ಬ್ರೀಡಾ ಹಾರ್ಟಿಗನ್. ಮೀನುಗಾರರ ಊರಿನ ಒಬ್ಬ ವಿಧವೆಯ ಕಥೆ ಹೇಳುವ ವೆಬ್ ಸರಣಿಯಲ್ಲಿ ಅವಳದೇ ಮುಖ್ಯ ಪಾತ್ರ. ಆ ಸರಣಿ ಕನ್ನಡಕ್ಕೆ ಡಬ್ ಆದಾಗ ಮುಖ ಬ್ರೀಡಾಳದು, ದನಿ ಶೋಭಾರಾಣಿಯದು. ಮೂರು ಸೀಸನ್ನುಗಳಿಂದ ಹೀಗೇ ನಡೆದುಬಂದಿತ್ತು.

ಅದಕ್ಕೆ ಮೊದಲು ಶೋಭಾರಾಣಿ ಕೋಲಾರದ ಟೊಮ್ಯಾಟೊ ಮಂಡಿಯೊಂದರಲ್ಲಿ ಮೈಕು ಹಿಡಿದು ಲಾರಿ ನಂಬರುಗಳನ್ನು ಕೂಗುತ್ತಿದ್ದಳು. ಅವಳ ಗಂಡ ಗಂಗಾಧರ್ ಅಲ್ಲೇ ಲೋಡಿಂಗ್ ಮೇಸ್ತ್ರಿ. ಬೆಂಗಳೂರಿನ ಸ್ಟುಡಿಯೊದಲ್ಲಿ ಡಬ್ಬಿಂಗ್ ನೋಡಿಕೊಳ್ಳುತ್ತಿದ್ದ ಮಾಲೂರಿನ ಚಂದ್ರಮೋಹನ್ ಒಮ್ಮೆ ಮಾವನ ಜೊತೆ ಮಂಡಿಗೆ ಬಂದವನು, ಕ್ರೇಟುಗಳ ಸದ್ದಿನ ನಡುವೆ ಆ ದನಿ ಕೇಳಿ ನಿಂತುಬಿಟ್ಟ. "ಮೇಡಂ, ನೀವು ಲಾರಿ ಕರೀತಿದ್ರೂ ಯಾರೋ ಮಗೂನ ಕರೆದಂಗಿದೆ," ಎಂದ. ಹಾಗೆ ವಾರಕ್ಕೆ ಮೂರು ದಿನ ಬೆಂಗಳೂರಿನ ಬಸ್ಸು ಹತ್ತುವುದು ಶುರುವಾಯಿತು.

ಮೊದಮೊದಲು ಅವಳಿಗೆ ಬ್ರೀಡಾಳ ಮೇಲೆ ಅಕ್ಕರೆಯೇ ಇತ್ತು. ಫೋನಿನಲ್ಲಿ ಹುಡುಕಿ ಅವಳ ಬದುಕನ್ನೆಲ್ಲ ಓದಿಕೊಂಡಳು. ಬ್ರೀಡಾಳ ತಂದೆ ಬಂದರಿನಲ್ಲಿ ಐಸ್ ಒಡೆಯುವ ಕೆಲಸದವನು. ಹತ್ತೊಂಬತ್ತಕ್ಕೆ ಅವಳು ಡಬ್ಲಿನ್‌ಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದಳು. ಆ ವಯಸ್ಸಿಗೆ ಶೋಭಾರಾಣಿಯ ಮದುವೆಯಾಗಿತ್ತು. ಇಪ್ಪತ್ತೆರಡಕ್ಕೆ ಬ್ರೀಡಾ ಟಿವಿ ಧಾರಾವಾಹಿಯಲ್ಲಿ ನರ್ಸ್. ಇವಳು ಮಂಡಿಯ ಮೈಕಿನ ಮುಂದೆ. ಆರು ವರ್ಷವಾದ ಮೇಲೆ ಆ ನರ್ಸನ್ನು ಕಾರಿಗೆ ಸಿಕ್ಕಿಸಿ ಸಾಯಿಸಿದರಂತೆ. ಆಮೇಲೆ ಕೆಲಸವಿಲ್ಲ. ಒಂದು ಪತ್ತೇದಾರಿ ಸರಣಿಯಲ್ಲಿ ಮಾತಿಲ್ಲದ ಹೆಣವಾಗಿ ಮಲಗಿದ್ದಳು. ಮಕ್ಕಳಿಗೆ ನಾಟಕ ಕಲಿಸಿದಳು. ಮೂವತ್ತೇಳು ದಾಟಿದ ಮೇಲೆ ಈ ವಿಧವೆಯ ಪಾತ್ರ, ಫೋಟೊದಲ್ಲಿ ಹಸಿರು ಗೌನು, ಕೈಯಲ್ಲಿ ಪ್ರಶಸ್ತಿ.

ಇಬ್ಬರೂ ಹುಟ್ಟಿದ್ದು ಒಂದೇ ವರ್ಷ, ಒಂದೇ ತಿಂಗಳು.

"ನನಗಿಂತ ಹನ್ನೊಂದು ದಿನಕ್ಕೆ ದೊಡ್ಡವಳು ರೀ ಅವಳು," ಎಂದು ಶೋಭಾರಾಣಿ ಗಂಡನಿಗೆ ಹೇಳಿದಳು.

"ಹಂಗಂತ ಕಾಣಲ್ವಲ್ಲೇ," ಎಂದ ಗಂಗಾಧರ್, ಪರದೆಯಿಂದ ಕಣ್ಣು ತೆಗೆಯದೆ.

ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ. ಗಂಗಾಧರ್ ಒರಟ. ಹೆಂಡತಿ ಅತ್ತರೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುವ ಜಾತಿ. ಅಂಥವನು ಮೊದಲ ಸೀಸನ್ನಿನಲ್ಲಿ ವಿಧವೆ ಗಂಡನ ದೋಣಿಯ ಮುಂದೆ ಅಳುವುದನ್ನು ನೋಡಿ ಟವೆಲಿನಿಂದ ಕಣ್ಣೊರೆಸಿಕೊಂಡ. ಶೋಭಾರಾಣಿ ಅವನನ್ನೇ ನೋಡುತ್ತ ಕೂತಿದ್ದಳು. ರಿಮೋಟ್ ಎತ್ತಿ ಸದ್ದನ್ನೆಲ್ಲ ತೆಗೆದಳು.

"ಈಗ ನೋಡಿ. ಈಗ ಬರುತ್ತಾ ಅಳು?"

ಅವನು ಪ್ರಾಮಾಣಿಕವಾಗಿ ನೋಡಿದ. "ಈಗಲೂ ಚೆನ್ನಾಗೇ ಅಳ್ತಾಳೆ ಕಣೇ."

ಅವಳು ಸದ್ದು ಕೊಟ್ಟು, ಅವನ ಹೆಗಲ ಟವೆಲನ್ನೇ ಕಿತ್ತು ಟಿವಿಯ ಮೇಲೆ ಹೊದಿಸಿದಳು.

"ಲೇ, ತೆಗಿಯೇ! ಮುಖಾನೇ ಕಾಣಲ್ಲ!"

"ಮುಖ ಅವಳದ್ದು. ಅತ್ತಿದ್ದು ನಾನು."

"ಅಯ್ಯೋ, ಇಡೀ ಮಂಡಿಗೇ ಹೇಳಿವ್ನಿ, ನನ್ನ ಹೆಂಡ್ತಿ ದನಿ ಅಂತ. ಇನ್ನೇನು ಮಾಡ್ಲಿ, ತಮಟೆ ಹೊಡೆಸ್ಲಾ?"

ಆ ಅಳು ನಿಜಕ್ಕೂ ಶೋಭಾರಾಣಿಯದೇ. ದೋಣಿಯ ಮುಂದೆ ಬ್ರೀಡಾ ಸದ್ದಿಲ್ಲದೆ ಅತ್ತಿದ್ದಳು. ಮುಖ ಅರ್ಧ ಶಾಲಿನಲ್ಲಿ ಮುಚ್ಚಿತ್ತು. ಇಯರ್‌ಫೋನಿನಲ್ಲಿ ಬರೀ ಗಾಳಿಯ ಸದ್ದು ಕೇಳಿ ಶೋಭಾರಾಣಿಗೆ ಇದೇನೋ ತಪ್ಪಿದೆ ಅನ್ನಿಸಿತು. ಗಂಡ ಸತ್ತರೆ ದನಿಯೆತ್ತದ ಹೆಂಗಸನ್ನು ಯಾರು ನಂಬುತ್ತಾರೆ? ಅವಳ ಕಡೆಯ ಊರುಗಳಲ್ಲಿ ಸಾವಿನ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರು ಮಾಡಿದ್ದು, ಉಂಡದ್ದು, ಆಡಿದ್ದು, ಎಲ್ಲವನ್ನೂ ರಾಗವೆಳೆದು ಹೇಳುತ್ತಾರೆ. ಅವಳ ತಾಯಿ ಮುತ್ಯಾಲಮ್ಮ ಹಾಗೆ ಅಳುವುದರಲ್ಲಿ ಶ್ರೀನಿವಾಸಪುರದ ಸುತ್ತೆಲ್ಲ ಹೆಸರಾದವಳು. ಅವಳು ಬಾಯಿ ತೆರೆದರೆ ಮುನಿಸಿಕೊಂಡ ದಾಯಾದಿಗಳೂ ಹೆಣದ ಹತ್ತಿರ ಬಂದು ಕೂರುತ್ತಿದ್ದರು. ಶೋಭಾರಾಣಿ ಮೈಕಿನ ಮುಂದೆ ಕಣ್ಣು ಮುಚ್ಚಿ, ಅಮ್ಮನ ಆ ರಾಗವನ್ನೇ ಮಾತಿಲ್ಲದೆ ಎಳೆದಳು. ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಚಂದ್ರಮೋಹನ್ ಗಾಜಿನಾಚೆ ಎದ್ದು ನಿಂತು, "ಇರಲಿ, ಇದೇ ಇರಲಿ," ಎಂದ.

ಅದು ಊರೂರು ಸುತ್ತಿತು. ಆ ಅರ್ಧ ನಿಮಿಷದ ತುಣುಕನ್ನು ಎಲ್ಲರೂ ಫೋನಿನಿಂದ ಫೋನಿಗೆ ಕಳಿಸಿದರು. ಬ್ರೀಡಾಳ ಅಳು ಅಂತಲೇ ಅದಕ್ಕೆ ಹೆಸರಾಯಿತು.

ಈ ಸಲ ಮಾವಿನ ಕಾಯಿ ಬಲಿಯುವ ಹೊತ್ತಿಗೆ ಮುತ್ಯಾಲಮ್ಮ ತೀರಿಕೊಂಡಳು. ಶೋಭಾರಾಣಿ ತವರಿಗೆ ಓಡಿಬಂದು ತಾಯಿಯ ಪಾದದ ಹತ್ತಿರ ಕೂತು, ಮನೆಯ ಮಾತಾದ ತೆಲುಗಿನಲ್ಲೇ ರಾಗವೆತ್ತಿದಳು. "ನನ್ನಿಡಿಚಿ ಪೋತಿವಾ ಅಮ್ಮಾ..." ಬಿಟ್ಟು ಹೋದೆಯಾ ಎಂಬ ಆ ಒಂದು ಸಾಲು ಮುಗಿದಿರಲಿಲ್ಲ, ಹಿಂದೆ ಚಪ್ಪರದ ಕಂಬದ ಬಳಿ ನಿಂತ ಹುಡುಗಿಯರಿಬ್ಬರ ಪಿಸುಮಾತು ಕಿವಿಗೆ ಬಿತ್ತು.

"ಲೇ, ಅದೇ ಕಣೇ, ಬ್ರೀಡಾ ಅಳು!"

"ಹೌದಲ್ಲೇ! ಫೋನ್ ತೆಗಿ, ಫೋನ್ ತೆಗಿ."

ಶೋಭಾರಾಣಿ ಉಳಿದ ರಾಗವನ್ನು ಅಲ್ಲೇ ನುಂಗಿಕೊಂಡಳು. ಬಾಯಿ ಮುಚ್ಚಿದಳು. ಮಣ್ಣಿಗಿಡುವವರೆಗೂ ತೆರೆಯಲಿಲ್ಲ. ಮೂರನೆಯ ದಿನ ಹಾಲು ತುಪ್ಪ ಬಿಡುವಾಗಲೂ ಇಲ್ಲ. ನೆಂಟರು ಅಪ್ಪಿಕೊಂಡು ಅಳಲು ಬಂದರೆ ಕಲ್ಲಿನ ಹಾಗೆ ಕೂತಳು. "ಅಲ್ಲಿ ಯಾರೋ ದೊರೆಸಾನಿಗೆ ಅಳ್ತಾಳೆ, ಹೆತ್ತವಳಿಗೆ ದನಿ ಬರಲ್ಲ," ಎಂದರು ಹೆಂಗಸರು, ಅವಳಿಗೆ ಕೇಳಲೆಂದೇ. ಆ ಬ್ರೀಡಾ ನನ್ನ ಗಂಡನ ಕಣ್ಣೀರು ತಗೊಂಡಳು, ಹೋಗಲಿ. ಅಮ್ಮನಿಗೆ ಅಂತ ಇದ್ದ ಅಳುವನ್ನೂ ತಗೊಂಡಳಲ್ಲ ಎಂಬ ಒಂದೇ ಮಾತು ಎದೆಯೊಳಗೆ ಕುದಿಯುತ್ತಿತ್ತು.

ಒಂಬತ್ತನೆಯ ದಿನ ಚಂದ್ರಮೋಹನ್ ಫೋನ್ ಮಾಡಿದ. ಕೊನೆಯ ಸೀಸನ್ನಿನ ಕೊನೆಯ ದೃಶ್ಯ ಬಾಕಿಯಿತ್ತು. "ಕೇಳೋಕೆ ಸಂಕೋಚ ಆಗುತ್ತೆ ಮೇಡಂ. ಅದರಲ್ಲಿ ಅವಳ ತಾಯಿ ಸಾಯ್ತಾಳೆ. ಕಂಪನಿಯವರಿಗೆ ಅದೇ ಅಳು ಬೇಕಂತೆ, ಮೊದಲ ಸೀಸನ್ದು."

"ಅದನ್ನ ಕೊಡಲ್ಲ ಸರ್."

"ಸೋಮವಾರದೊಳಗೆ ಮುಗಿಸ್ಬೇಕು. ಇಲ್ಲಾಂದ್ರೆ ಬೇರೆಯವರನ್ನ ಕರೆಸಿ ಅಂತಾರೆ."

"ನಮ್ಮಮ್ಮಂಗೇ ಇನ್ನೂ ಕೊಟ್ಟಿಲ್ಲ," ಎಂದು ಅವಳು ಫೋನಿಟ್ಟಳು.

ಹನ್ನೊಂದನೆಯ ದಿನ, ಭಾನುವಾರ, ತಿಥಿ. ಮುತ್ಯಾಲಮ್ಮನ ಅಕ್ಕ ದೊಡ್ಡಗಂಗಮ್ಮ ಮುಳಬಾಗಿಲ ಕಡೆಯಿಂದ ಅಂದೇ ಬಂದಳು. ಸಾವಿನ ದಿನ ಅವಳೇ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಳು. ಎಂಬತ್ತು ದಾಟಿದ, ಕಣ್ಣು ಮಂಜಾದ ಮುದುಕಿ. ಗೋರಿಯ ಹತ್ತಿರ ಶೋಭಾರಾಣಿಯ ತಲೆ ತಡವಿದಳು.

"ಏನಮ್ಮಾ, ಅಳಲಿಲ್ವಂತೆ ನೀನು?"

"ಅತ್ರೆ ಯಾರೋ ಬೇರೆಯವಳ ಅಳು ಅಂತಾರೆ ದೊಡ್ಡಮ್ಮ."

"ಯಾವಳೇ ಅವಳು?"

"ಐರ್ಲೆಂಡಿನವಳು. ಟಿವೀಲಿ ಬರ್ತಾಳೆ."

"ನಂಗೆ ಕಣ್ಣು ಕಾಣಲ್ಲ, ಟಿವಿ ಎಲ್ಲಿ ನೋಡ್ಲಿ. ಅಳು, ಕೇಳ್ತೀನಿ."

ಶೋಭಾರಾಣಿ ಮುದುಕಿಯ ಹೆಗಲಿಗೆ ಹಣೆಯಿಟ್ಟಳು. ಮೊದಲು ಬರೀ ಉಸಿರು ಬಂತು. ಆಮೇಲೆ ರಾಗ. ಅಮ್ಮ ಮಂಡಿಯೂರಿ ರಾಗಿ ಬೀಸಿದ್ದು, ಮಾವಿನ ತೋಪು ಕಾಯುವಾಗ ಕೋತಿಗಳ ಜೊತೆ ಜಗಳವಾಡಿದ್ದು, ಮಗಳು ಮೊದಲ ಸಲ ಮಂಡಿಯ ಮೈಕಿನಲ್ಲಿ ಕೂಗಿದ ದಿನ ಬಸ್ಸಿಳಿದು ಬಂದು ಬಾಳೆಹಣ್ಣಿನ ಗಾಡಿಯ ಹಿಂದೆ ಅಡಗಿ ಕೇಳಿಸಿಕೊಂಡದ್ದು, ಒಂದೊಂದೇ ಬಂದವು. ಹಿಂದೆ ಯಾರೋ ಮತ್ತೆ ಪಿಸುಗುಟ್ಟಿದರು. ಅವಳು ನಿಲ್ಲಿಸಲಿಲ್ಲ.

ದೊಡ್ಡಗಂಗಮ್ಮ ಅವಳ ಕೆನ್ನೆಯ ಮೇಲೆ ಕೈಯಾಡಿಸುತ್ತ ಪಕ್ಕದವಳನ್ನು ಕೇಳಿದಳು. "ಇದು ಶೋಭಾನೇ ತಾನೇ? ನಮ್ಮ ಮುತ್ಯಾಲೀನೇ ಎದ್ದು ಬಂದು ಅಳ್ತಾ ಅವಳೆ ಅಂದ್ಕೊಂಡೆ."

ಮರುದಿನ ಶೋಭಾರಾಣಿ ಸ್ಟುಡಿಯೊಗೆ ಹೋದಳು. ಪರದೆಯ ಮೇಲೆ ಬ್ರೀಡಾ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದಳು. ಈ ಸಲ ಶಾಲಿಲ್ಲ, ಬರಿಯ ಮುಖ. ಶೋಭಾರಾಣಿ ಎರಡು ಸಲ ನೋಡಿದಳು. ಮೂರನೆಯ ಸಲ ಅವಳ ಗಂಟಲನ್ನಷ್ಟೇ ನೋಡಿದಳು. ಅದು ಒಮ್ಮೆ ಮೇಲಕ್ಕೆ ಬಂದು ಕೆಳಗಿಳಿಯಿತು. ಚಪ್ಪರದ ಕೆಳಗೆ ತಾನು ನುಂಗಿದ್ದೂ ಹೀಗೇ.

"ಇಲ್ಲಿ ಅವಳು ಅಳ್ತಿಲ್ಲ ಸರ್, ನುಂಗ್ತಾ ಇದಾಳೆ," ಎಂದಳು. "ಇದರ ಮೇಲೆ ಆ ಅಳು ಹಾಕಿದ್ರೆ ಸುಳ್ಳಾಗುತ್ತೆ. ಉಸಿರು ಮಾತ್ರ ಕೊಡ್ತೀನಿ. ಕೇಳಿ, ಬೇಡ ಅನ್ನಿಸಿದ್ರೆ ಬೇರೆಯವರನ್ನ ಕರೀರಿ."

ಉಸಿರು ಮಾತ್ರ ಕೊಟ್ಟಳು. ಎಳೆದದ್ದು, ತಡೆದದ್ದು, ಬಿಡಲಾರದೆ ಬಿಟ್ಟದ್ದು. ಚಂದ್ರಮೋಹನ್ ಗಾಜಿನಾಚೆ ಅದನ್ನು ಮತ್ತೊಮ್ಮೆ ಹಾಕಿ ಕೇಳಿದ. ಆಮೇಲೆ, "ಕಂಪನಿಯವರ ಹತ್ರ ನಾನು ಮಾತಾಡ್ತೀನಿ," ಎಂದ. "ಚೆನ್ನಾಗಿ ಮಾಡಿದಾಳೆ ಅಲ್ವಾ ಸರ್, ಅವಳೂ?" ಎಂದು ಶೋಭಾರಾಣಿ ಕೇಳಿದಳು. ಕೇಳಿದ್ದಕ್ಕೆ ಬಸ್ಸಿನಲ್ಲಿ ತನ್ನ ಮೇಲೆ ತನಗೇ ಸಿಟ್ಟು ಬಂತು.

ನಾಲ್ಕು ತಿಂಗಳ ಮೇಲೆ, ಒಂದು ಭಾನುವಾರದ ಮಧ್ಯಾಹ್ನ, ಗಂಡ ಹೆಂಡತಿ ಆ ಕೊನೆಯ ಕಂತು ನೋಡಿದರು. ಹಾಸಿಗೆಯ ದೃಶ್ಯ ಬಂದಾಗ ಗಂಗಾಧರ್ ಟವೆಲಿಗೆ ಕೈ ಹಾಕಿದ. ಶೋಭಾರಾಣಿಯ ಕೈ ತಾನಾಗಿಯೇ ರಿಮೋಟನ್ನು ಎತ್ತಿಕೊಂಡಿತು.

"ಇದರಲ್ಲಿ ಅವಳು ಏನೂ ಮಾತಾಡ್ಲೇ ಇಲ್ವಲ್ಲೇ," ಎಂದ ಅವನು, ಮೂಗೊರೆಸುತ್ತ. "ನಿಂದೇನಿತ್ತು ಕೆಲಸ?"

"ಉಸಿರು," ಎಂದಳು. "ಉಸಿರು ನಂದು."

ಗಂಗಾಧರ್ ಅವಳ ಕೈಯಿಂದ ರಿಮೋಟ್ ತೆಗೆದುಕೊಂಡ. ದೃಶ್ಯವನ್ನು ಹಿಂದಕ್ಕೆ ಓಡಿಸಿ, ಸದ್ದು ಹೆಚ್ಚಿಸಿದ. ಬ್ರೀಡಾಳ ಮುಖ ಮತ್ತೆ ಪರದೆಯ ತುಂಬ ಬರುವಷ್ಟರಲ್ಲಿ ಅವನು ಕಣ್ಣು ಮುಚ್ಚಿಕೊಂಡಿದ್ದ.